ಸಂಗ್ರಾಹಕನ ಪುಸ್ತಕ, ಹಾಡುಗಾರ್ತಿಯ ಹೆಸರು

ಕನ್ನಡದ ಜನಪದ ಹಾಡುಗಳನ್ನು ಉಳಿಸಿಕೊಟ್ಟವರು ಇಬ್ಬರು. ಹಾಡಿದವರು ಮೊದಲನೆಯವರು, ಅದನ್ನು ಕೇಳಿ ಬರೆದುಕೊಂಡವರು ಎರಡನೆಯವರು. ನಮ್ಮ ಸಾಹಿತ್ಯ ಚರಿತ್ರೆ ಎರಡನೆಯವರನ್ನು ಚೆನ್ನಾಗಿ ನೆನೆದಿದೆ, ಮೊದಲನೆಯವರನ್ನು ಬಹುಪಾಲು ಮರೆತಿದೆ. ನಮ್ಮ ಜಾನಪದ ಸಂಗ್ರಹ ಪರಂಪರೆಯ ದೊಡ್ಡ ಸಾಧನೆ ಮತ್ತು ದೊಡ್ಡ ಕೊರತೆ ಎರಡೂ ಇಲ್ಲೇ ಇವೆ.

ಮೊದಲು ಸಾಧನೆಯನ್ನೇ ನೋಡೋಣ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾ ಮೊದಲಾದ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಎರಡು ವರ್ಷಗಳಲ್ಲಿ ಅರ್ಚಕ ಬಿ. ರಂಗಸ್ವಾಮಿಯವರ ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ ಬಂತು. ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಗಳು ಕವಿಯೂ ಹೌದು ಎಂದು ಓದುಬರಹ ಬಲ್ಲವರು ಒಪ್ಪಿಕೊಂಡದ್ದು ಇಂಥ ಪುಸ್ತಕಗಳಿಂದ. ಶಿವಮೊಗ್ಗ ಸೀಮೆಯ ಪಾಲೂ ಕಡಿಮೆಯಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಹಾರೋಗದ್ದೆಯಲ್ಲಿ ಹುಟ್ಟಿದ ಹಾ.ಮಾ. ನಾಯಕರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದಕ್ಕೆ ಪಾಠದ ಗೌರವ ತಂದುಕೊಟ್ಟವರಲ್ಲಿ ಪ್ರಮುಖರು. ಪಕ್ಕದ ತರೀಕೆರೆ ತಾಲ್ಲೂಕಿನ ಗೊಂಡೇದಹಳ್ಳಿಯ ಗೊ.ರು. ಚನ್ನಬಸಪ್ಪನವರು ‘ಗ್ರಾಮಗೀತೆಗಳು’ ಸಂಗ್ರಹಿಸಿದರು, ‘ಕರ್ನಾಟಕ ಜನಪದ ಕಲೆಗಳು’ ಸಂಪಾದಿಸಿದರು. ಇವರೆಲ್ಲ ಇಲ್ಲದಿದ್ದರೆ ಸಾವಿರಾರು ಹಾಡುಗಳು ಹಾಡಿದವರ ಜೊತೆಗೇ ಮಣ್ಣಾಗುತ್ತಿದ್ದವು.

ಆದರೆ ಪುಸ್ತಕಕ್ಕೆ ಬಂದದ್ದು ಹಾಡಿನ ಮಾತು ಮಾತ್ರ. ತ್ರಿಪದಿಯನ್ನೇ ತೆಗೆದುಕೊಳ್ಳಿ. ಅಚ್ಚಿನಲ್ಲಿ ಅದು ಮೂರು ಸಾಲು. ಹಾಡುವಾಗ ಎರಡನೆಯ ಸಾಲಿನ ಭಾಗ ಮತ್ತೆ ಮರಳಿ ಬಂದು ನಾಲ್ಕು ಸಾಲಿನಷ್ಟು ಹಿಗ್ಗುತ್ತದೆ. ಆ ಮರಳುವಿಕೆಯಲ್ಲಿ ಹಾಡುಗಾರ್ತಿ ಉಸಿರು ತಿರುಗಿಸಿಕೊಳ್ಳುತ್ತಾಳೆ, ಮುಂದಿನ ಸಾಲನ್ನು ಕಟ್ಟಿಕೊಳ್ಳುತ್ತಾಳೆ. ಸೋಬಾನೆಯಲ್ಲಿ ಒಬ್ಬಳು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಡಿಯುತ್ತಾರೆ. ಅವರು ಮುಗಿಸುವಷ್ಟರಲ್ಲಿ ಮುಂದಾಳಿಗೆ ಹೊಸ ಸೊಲ್ಲು ಹೊಳೆದಿರಬೇಕು. ಮದುಮಗಳ ಹೆಸರು, ತವರೂರು, ಸೋದರಮಾವನ ಸಡಗರ ಎಲ್ಲವೂ ಆ ಕ್ಷಣದಲ್ಲೇ ಹಾಡಿನೊಳಗೆ ಸೇರಿಕೊಳ್ಳುತ್ತವೆ. ಹಾಗಾಗಿ ಸೋಬಾನೆಯ ಹೆಣ್ಣು ಹಳೆಯದನ್ನು ಒಪ್ಪಿಸುವವಳಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟುವವಳು. ಅಚ್ಚಿನ ಪುಟದಲ್ಲಿ ಈ ಕಟ್ಟುವ ಕೆಲಸ ಕಾಣುವುದಿಲ್ಲ. ಹಾಡಿದವಳ ಹೆಸರಿನ ಜಾಗದಲ್ಲಿ ‘ಜನಪದ’ ಎಂಬ ಒಂದು ಮಾತು ಉಳಿಯುತ್ತದೆ.

ಹಾಡಿನ ಧಾಟಿಯನ್ನೂ ಉಳಿಸಬೇಕೆಂದು ಹೊರಟ ಇನ್ನೊಂದು ಪಂಥವಿದೆ. ಅವರು ತಾವೇ ಹಾಡುವ ಸಂಗ್ರಾಹಕರು. ಅವರಲ್ಲಿ ಎತ್ತರದ ಹೆಸರು ಸಕಲೇಶಪುರದ ಎಸ್.ಕೆ. ಕರೀಂಖಾನ್. ಸ್ವಾತಂತ್ರ್ಯ ಹೋರಾಟದಲ್ಲಿ ದುಡಿದವರು, ಚಿತ್ರಗೀತೆ ಬರೆದವರು, ಹಳ್ಳಿ ಹಳ್ಳಿ ತಿರುಗಿ ಹಾಡು ಕೂಡಿಸಿದವರು. 1962ರ ‘ಸ್ವರ್ಣಗೌರಿ’ ಚಿತ್ರಕ್ಕೆ ಅವರು ಬರೆದ ಗೌರಿಯ ಸ್ತುತಿ ಇಂದಿಗೂ ಹಬ್ಬದ ಮನೆಗಳಲ್ಲಿ ಕೇಳುತ್ತದೆ. ಜನ ಅವರನ್ನು ‘ಜಾನಪದ ಜಂಗಮ’ ಎಂದು ಕರೆದರು. 2006ರಲ್ಲಿ ತೀರಿಕೊಳ್ಳುವತನಕ ಅವರು ಆ ಹೆಸರಿಗೆ ತಕ್ಕಂತೆ ಬಾಳಿದರು. ಮುಸ್ಲಿಂ ಮನೆಯಲ್ಲಿ ಹುಟ್ಟಿದವರೊಬ್ಬರು ಗೌರಿಯನ್ನೂ ಹಳ್ಳಿಯ ದೇವರುಗಳನ್ನೂ ತಮ್ಮ ದನಿಯಲ್ಲಿ ಹೊತ್ತು ನಾಡು ತಿರುಗಿದ್ದು ಕನ್ನಡ ಸಂಸ್ಕೃತಿಯ ನಿಜವಾದ ಹೆಮ್ಮೆ. ವಿದ್ವಾಂಸರು ಹಾಳೆಯ ಮೇಲೆ ಇಟ್ಟದ್ದನ್ನು ಅವರು ಮತ್ತೆ ಕಿವಿಗೆ ಮುಟ್ಟಿಸಿದರು.

ಆದರೂ ಈ ಪಂಥಕ್ಕೂ ಒಂದು ಮಿತಿಯಿದೆ. ಹಾಡುವ ಸಂಗ್ರಾಹಕನ ಕೊರಳಲ್ಲಿ ನಾವು ಕೇಳುವುದು ಅವನ ದನಿ. ಅವನಿಗೆ ಹಾಡು ಕಲಿಸಿದವಳ ದನಿ ಅವನ ಹಿಂದೆ ಸರಿಯುತ್ತದೆ. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರ ಜೊತೆ ಹಳ್ಳಿಯ ಹಾಡುಗಳನ್ನು ನಗರದ ವೇದಿಕೆಗೆ ತಂದಾಗ ಅವುಗಳಿಗೆ ಹೊಸ ಜೀವ ಬಂತು. ಮುಂದೆ ಸಿ. ಅಶ್ವತ್ಥ್ ತತ್ವಪದ, ಜನಪದ ಗೀತೆಗಳಿಗೆ ತುಂಬಿದ ಕಸುವನ್ನು ನಾಡು ಮೆಚ್ಚಿತು. ಇವರ ಪ್ರತಿಭೆ ಪ್ರಶ್ನಾತೀತ. ಅವರನ್ನು ಅನುಕರಿಸಿದ ವೇದಿಕೆಯ ಗಾಯನದ ಬಗ್ಗೆ ಮಾತ್ರ ನನ್ನ ತಕರಾರು. ಅಲ್ಲಿ ಹಾಡು ಐದು ನಿಮಿಷಕ್ಕೆ ಮೊಟಕಾಯಿತು, ಹಾರ್ಮೋನಿಯಂನ ಶ್ರುತಿಗೆ ಒಗ್ಗಿಕೊಂಡಿತು. ಶಾಲಾ ವಾರ್ಷಿಕೋತ್ಸವದ ಮಕ್ಕಳಿಗೆ ಜನಪದ ಗೀತೆಯೆಂದರೆ ಇಂಥ ಹತ್ತಿಪ್ಪತ್ತು ಹಾಡುಗಳು ಎಂಬಂತಾಯಿತು. ಅದೇ ಮಕ್ಕಳ ಅಜ್ಜಿಯರು ಅಡುಗೆಮನೆಯಲ್ಲಿ ಕೂತು ಹಾಡಬಲ್ಲ ಬೇರೆ ನೂರು ಹಾಡುಗಳು ಲೆಕ್ಕಕ್ಕೇ ಬರಲಿಲ್ಲ.

ಇದಕ್ಕಿಂತ ಒಳ್ಳೆಯ ದಾರಿಯೂ ನಮ್ಮ ನಾಡಿನಲ್ಲೇ ಇದೆ. ಎಚ್.ಎಲ್. ನಾಗೇಗೌಡರು ತಮ್ಮ ಒಂದು ಸಂಗ್ರಹಕ್ಕೆ ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂದು ಹೆಸರಿಟ್ಟರು. ಹಾಡಿದವಳ ಹೆಸರು ಪುಸ್ತಕದ ಮುಖಪುಟಕ್ಕೇ ಬಂತು. ಮುಂದೆ ರಾಮನಗರದ ಬಳಿ 1994ರಲ್ಲಿ ‘ಜಾನಪದ ಲೋಕ’ ಕಟ್ಟಿದಾಗ ಧ್ವನಿಮುದ್ರಿಕೆಗೂ ದೃಶ್ಯಮುದ್ರಿಕೆಗೂ ಅವರು ಜಾಗ ಕೊಟ್ಟರು. ಕರಾವಳಿಯಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮವರಾದ ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡರು ಕೂಡಿ ತುಳುವಿನ ಸಿರಿ ಕಾವ್ಯವನ್ನು ಗೋಪಾಲ ನಾಯ್ಕರ ಬಾಯಿಂದಲೇ ದಾಖಲಿಸಿದರು. 1998ರಲ್ಲಿ ಪ್ರಕಟವಾದ ಆ ಕಾವ್ಯ 15,683 ಸಾಲುಗಳದ್ದು. ಅದನ್ನು ಯಾರೂ ಹೆಸರಿಲ್ಲದ ಜನಪದದ ಕಾವ್ಯವೆನ್ನಲಿಲ್ಲ, ಗೋಪಾಲ ನಾಯ್ಕರು ಹಾಡಿದ ಸಿರಿ ಎಂದೇ ಲೋಕಕ್ಕೆ ಪರಿಚಯಿಸಿದರು. ನಾಡಿನಾಚೆ ರಾಜಸ್ಥಾನದಲ್ಲೂ ಕೋಮಲ್ ಕೊಠಾರಿಯವರು ಲಂಗಾ, ಮಾಂಗಣಿಯಾರ್ ಗಾಯಕರನ್ನೇ ವೇದಿಕೆಯ ಮುಂದಿಟ್ಟು ತಾವು ಹಿಂದೆ ನಿಂತರು. ಅಂಕೋಲಾದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಹಾಲಕ್ಕಿ ಸಮುದಾಯದ ಹಾಡಿಗೆ ಒಂದು ಮುಖ, ಒಂದು ಹೆಸರು ಸಿಕ್ಕಿತು. ಹಾಡಿದವರನ್ನು ಹಾಡಿನ ಒಡೆಯರೆಂದು ಒಪ್ಪುವ ಈ ದಾರಿಯೇ ಸಂಗ್ರಹ ಪರಂಪರೆಯ ಅತ್ಯುತ್ತಮ ಫಲ ಎಂದು ನಾನು ತೀರ್ಪು ಕೊಡುತ್ತೇನೆ.

ಈ ಅಳತೆಗೋಲನ್ನು ನಮ್ಮ ಹೊಳಲೂರಿನಂಥ ಊರಿಗೆ ತಂದು ನೋಡಬೇಕು. ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗುವ ದಾರಿಯ ಈ ಹೋಬಳಿ ಅಪ್ಪಟ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಜಾನಪದದವರ ಗಮನ ಪಶ್ಚಿಮಕ್ಕೆ ಹೋದರೆ ಅಂಟಿಗೆ ಪಂಟಿಗೆಯ ತೀರ್ಥಹಳ್ಳಿ, ಡೊಳ್ಳಿನ ಸಾಗರ ಸಿಗುತ್ತವೆ. ಉತ್ತರಕ್ಕೆ ಹೋದರೆ ಲಾವಣಿ, ಡೊಳ್ಳಿನ ಪದಗಳ ಸೀಮೆ. ನಡುವಿನ ಊರುಗಳು ಯಾವ ಪಟ್ಟಿಯಲ್ಲೂ ನಿಲ್ಲದೆ ಉಳಿದುಬಿಡುತ್ತವೆ. ಆದರೆ ಎರಡು ಸೀಮೆಗಳ ಧಾಟಿಗಳು ಬೆರೆಯುವುದು ಇಂಥ ನಡುವಿನ ಊರುಗಳಲ್ಲೇ. ಸೊಸೆಯಾಗಿ ಬಂದವಳು ತವರಿನ ಹಾಡನ್ನು ಅತ್ತೆಯ ಮನೆಯ ಧಾಟಿಗೆ ಹೊಂದಿಸಿಕೊಳ್ಳುತ್ತಾಳೆ. ಆ ಹೊಂದಾಣಿಕೆಯನ್ನು ಬರೆದಿಡುವವರು ಬೇಕು. ಮದುವೆಗಳು ಕಲ್ಯಾಣ ಮಂಟಪ ಸೇರಿ, ಅರಿಸಿನದ ಶಾಸ್ತ್ರಕ್ಕೂ ಧ್ವನಿವರ್ಧಕ ಬಂದಿರುವಾಗ, ಹಾಡಬಲ್ಲವರಿಗೆ ಹಾಡುವ ಹೊತ್ತೇ ಸಿಗುತ್ತಿಲ್ಲ. ಅವರ ನಂತರ ಕೇಳಲು ಯಾರೂ ಇರುವುದಿಲ್ಲ.

ಈ ಕೆಲಸಕ್ಕೆ ಬೇಕಾದ ಸಂಸ್ಥೆಗಳು ಕೂಗಳತೆಯಲ್ಲೇ ಇವೆ. ಭದ್ರಾವತಿ ಆಕಾಶವಾಣಿ 1965ರಿಂದ ಈ ಸೀಮೆಯ ದನಿಯಾಗಿದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಸ್ವಲ್ಪ ದೂರದ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯವಿದೆ. ಒಂದೊಂದು ಹೋಬಳಿಗೆ ಒಬ್ಬೊಬ್ಬ ವಿದ್ಯಾರ್ಥಿಯನ್ನು ಕಳಿಸಿ, ಹಾಡಿದವರ ಹೆಸರು, ಊರು, ಹಾಡುವ ಸಂದರ್ಭ, ಯಾರಿಂದ ಕಲಿತರೆಂಬ ವಿವರಗಳ ಸಮೇತ ದಾಖಲಿಸುವುದು ಇವುಗಳಿಗೆ ಅಸಾಧ್ಯವೇನಲ್ಲ. ದಾಖಲಿಸಿದ್ದರ ಒಂದು ಪ್ರತಿ ಆ ಊರಿನ ಗ್ರಂಥಾಲಯಕ್ಕೆ, ಇನ್ನೊಂದು ಹಾಡಿದವರ ಮನೆಗೆ ಹೋಗಬೇಕು. ಪ್ರಸಾರವಾದರೆ ಸಂಭಾವನೆಯೂ ಅವರಿಗೇ ಸಲ್ಲಬೇಕು.

ಕರೀಂಖಾನರಿಗೆ ಸಲ್ಲಿಸಬೇಕಾದ ಗೌರವವೂ ಅದೇ. ಹಾಡಿನ ಬಳಿಗೆ ನಡೆದುಹೋಗಿ ಕೂತು ಕೇಳುವುದನ್ನು ಅವರು ಬದುಕಾಗಿಸಿಕೊಂಡಿದ್ದರು. ಓದುಗರಲ್ಲಿ ನನ್ನದೊಂದೇ ಕೋರಿಕೆ: ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಹಾಡಬಲ್ಲ ಹಿರಿಯರಿದ್ದರೆ ಈ ವಾರವೇ ಅವರ ಮುಂದೆ ಕೂತು, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಅವರ ಹಾಡನ್ನು ಮುದ್ರಿಸಿಕೊಳ್ಳಿ. ಹಾಡು ಶುರುವಾಗುವ ಮೊದಲು ಅವರ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ.