ನಾಲ್ಕು ರಕ್ತ, ನಾಲ್ಕು ತಟ್ಟೆ

ಪೀಟರ್ ಡಿ’ಅಡಾಮೊ ಅವರ ‘ಈಟ್ ರೈಟ್ ಫಾರ್ ಯುವರ್ ಟೈಪ್’ (1996) ಪುಸ್ತಕವನ್ನು ವೈದ್ಯಗ್ರಂಥವೆಂದು ಓದಿದರೆ ಬೇಗ ಬೇಸರವಾಗುತ್ತದೆ. ಪುರಾಣವೆಂದು ಓದಿದರೆ ಅದರ ಕಸುಬು ಕಾಣುತ್ತದೆ. ಇಲ್ಲಿ ‘ಓ’ ಗುಂಪಿನವರು ಬೇಟೆಗಾರರು, ಮಾಂಸ ತಿನ್ನಬೇಕಾದವರು. ‘ಎ’ಯವರು ಒಕ್ಕಲುಮಕ್ಕಳು, ಅವರಿಗೆ ಕಾಳು, ತರಕಾರಿ. ‘ಬಿ’ಯವರು ಅಲೆಮಾರಿಗಳು, ಹಾಲು ಒಗ್ಗುತ್ತದೆ, ಕೋಳಿ ಮಾತ್ರ ಕೂಡದು! ಕೊನೆಗೆ ಬಂದ ‘ಎಬಿ’ ಒಂದು ಒಗಟು. ಹುಟ್ಟಿನಿಂದಲೇ ತಟ್ಟೆ ನಿಗದಿಯಾಗುವ ಈ ಏರ್ಪಾಡು ನಮಗೇನೂ ಹೊಸದಲ್ಲ. ಬಹುಶಃ ಅದಕ್ಕೇ ಇಲ್ಲಿಯೂ ಸಲೀಸಾಗಿ ಒಪ್ಪಿತವಾಗುತ್ತದೆ.

ಇಡೀ ಕತೆ ನಿಂತಿರುವುದು ‘ಓ’ ಎಲ್ಲಕ್ಕಿಂತ ಹಳೆಯದು ಎಂಬ ಮಾತಿನ ಮೇಲೆ. ವಂಶವಾಹಿಗಳು ಹೇಳುವುದು ಬೇರೆ. ಸಾಮಾನ್ಯವಾಗಿ ಕಾಣುವ ‘ಓ’, ‘ಎ’ಯ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬಿದ್ದುಹೋಗಿ ಆದದ್ದು. ‘ಎ’, ‘ಬಿ’ಗಳ ಭೇದವೋ ಗಿಬ್ಬನ್ ವಾನರಗಳಲ್ಲೂ ಇದೆ, ಅದು ಬೇಸಾಯಕ್ಕಿಂತ ಮಾತ್ರವಲ್ಲ, ಮನುಷ್ಯನಿಗಿಂತಲೂ ಹಳೆಯದು. ಮೂಲಪುರುಷನೇ ತಡವಾಗಿ ಹುಟ್ಟಿದ್ದಾನೆ.

2014ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದವರು 1,455 ಜನರನ್ನು ಪರಿಶೀಲಿಸಿದರು. ‘ಎ’ಗೆಂದು ಹೇಳಿದ ಊಟಕ್ಕೆ ಹತ್ತಿರವಾಗಿ ಉಣ್ಣುವವರ ರಕ್ತದೊತ್ತಡ, ಸೊಂಟದ ಸುತ್ತಳತೆ ಕಡಿಮೆಯಿದ್ದವು. ಆದರೆ ಅವರ ರಕ್ತದ ಗುಂಪಿಗೂ ಅದಕ್ಕೂ ಸಂಬಂಧವಿರಲಿಲ್ಲ. ಸೊಪ್ಪು ತರಕಾರಿ ತಿಂದರೆ ಒಳ್ಳೆಯದು ಎನ್ನಲು ಅಜ್ಜಿ ಸಾಕಿತ್ತು.

ನನ್ನ ತಕರಾರು ಪುಸ್ತಕದ ಸುಳ್ಳಿನ ಬಗ್ಗೆ ಅಷ್ಟಿಲ್ಲ. ಅದು ಮರೆಮಾಡುವ ನಿಜದ ಬಗ್ಗೆ. ರಕ್ತದ ಗುಂಪಿಗೂ ಕಾಯಿಲೆಗೂ ನಂಟಿರುವುದು ಹೌದು. ರಕ್ತ ಹೆಪ್ಪುಗಟ್ಟಲು ಬೇಕಾದ ವಾನ್ ವಿಲೆಬ್ರಾಂಡ್ ಎಂಬ ಪ್ರೋಟೀನು ‘ಓ’ಯವರಲ್ಲಿ ಸುಮಾರು ಕಾಲುಭಾಗ ಕಡಿಮೆ. ಹಾಗಾಗಿ ರಕ್ತನಾಳದಲ್ಲಿ ಗಡ್ಡೆ ಕಟ್ಟುವ ಅಪಾಯ ಅವರಿಗೆ ಕಡಿಮೆ, ಜಠರದ ಹುಣ್ಣು ಮಾತ್ರ ಹೆಚ್ಚು. ತೀವ್ರ ಮಲೇರಿಯಾದಿಂದ ‘ಓ’ಗೆ ಒಂದಿಷ್ಟು ರಕ್ಷಣೆಯಿದೆ, ಕಾಲರಾ ಬಂದರೆ ಅದೇ ‘ಓ’ಯವರು ಹೆಚ್ಚು ನರಳುತ್ತಾರೆ. ಯಾವ ಗುಂಪು ಮೇಲು ಎಂಬುದು ಯಾವ ಊರಿನಲ್ಲಿ, ಯಾವ ನೀರು ಕುಡಿದು, ಯಾವ ಸೊಳ್ಳೆಯ ಜೊತೆ ಬದುಕಿದ್ದೀರಿ ಎಂಬುದರ ಮೇಲೆ ನಿಂತಿದೆ. ಈ ಕತೆಗೆ ನಾಯಕನಿಲ್ಲ, ಹಾಗಾಗಿ ಇದು ಲಕ್ಷಗಟ್ಟಲೆ ಮಾರಾಟವಾಗಲಾರದು.

ಬೇಳೆಯೇ ಬಡವರ ಮಾಂಸವಾಗಿರುವ ನಾಡಿನಲ್ಲಿ ‘ಓ’ಯವರಿಗೆ ಗೋಧಿ ಬಿಡಿ, ಚನ್ನಂಗಿ ಬೇಳೆ ಬಿಡಿ ಎನ್ನುವ ಪುಸ್ತಕ ನಿರಪಾಯಕಾರಿ ತಮಾಷೆಯಲ್ಲ. ಸಕ್ಕರೆ ಕಾಯಿಲೆಯವರು ಮಾತ್ರೆಯ ಬದಲು ಈ ಪಟ್ಟಿಯನ್ನು ನಂಬಿದರೆ ಇನ್ನೂ ಕಷ್ಟ.

ಇನ್ನು ಆಯುಷ್ಯ. 2004ರಲ್ಲಿ ಟೋಕಿಯೊದ ಶತಾಯುಷಿಗಳನ್ನು ಎಣಿಸಿದಾಗ ‘ಬಿ’ಯವರು ಹೆಚ್ಚಾಗಿ ಕಂಡರು. 2011ರಲ್ಲಿ ಅಮೆರಿಕದ ಆಸ್ಪತ್ರೆಯೊಂದರ ರೋಗಿಗಳ ಲೆಕ್ಕದಲ್ಲಿ, ವಯಸ್ಸು ಏರಿದಂತೆ ಕಡಿಮೆಯಾಗುತ್ತಾ ಹೋದವರೂ ‘ಬಿ’ಯವರೇ.