ಬ್ಯೂರೆಟ್ ಹಿಡಿಯದೆ ಜಾಮ್ ಬರೆಯುವವರು

ಬಿ.ಎಸ್ಸಿ. ಎರಡನೇ ವರ್ಷ ಮುಗಿಯುತ್ತಿದ್ದಂತೆ ರಸಾಯನಶಾಸ್ತ್ರದ ವಿದ್ಯಾರ್ಥಿಗಳ ಕಿವಿಗೆ ಒಂದೇ ಬಗೆಯ ಬುದ್ಧಿವಾದ ಬೀಳತೊಡಗುತ್ತದೆ. ಐಐಟಿಯಲ್ಲಿ ಎಂ.ಎಸ್ಸಿ. ಮಾಡಬೇಕೆಂದರೆ ಜಾಮ್ ಪರೀಕ್ಷೆ ಬರೆಯಬೇಕು. ಜಾಮ್ ಪಾಸಾಗಬೇಕೆಂದರೆ ಕೋಚಿಂಗ್ ಸೇರಬೇಕು. ಅದಾಗದಿದ್ದರೆ ಡಿಗ್ರಿ ಮುಗಿಸಿ ಒಂದು ವರ್ಷ ಮನೆಯಲ್ಲೇ ಕೂತು ಓದಬೇಕು. ಕಾಲೇಜಿನ ಪಾಠ ಇದಕ್ಕೆಲ್ಲ ಸಾಲದು, ಪ್ರಾಕ್ಟಿಕಲ್ ಅಂತೂ ಶುದ್ಧ ಕಾಲಹರಣ. ಕೆಮಿಸ್ಟ್ರಿ ಎಂದರೆ ಹೇಗಿದ್ದರೂ ನೆನಪಿನ ಶಕ್ತಿಯ ವಿಷಯ, ರಿಯಾಕ್ಷನ್‌ಗಳನ್ನು ಬಾಯಿಪಾಠ ಮಾಡಿದವರು ಗೆದ್ದರು. ಹೀಗೆ ಹೇಳುವವರು ಹಿತೈಷಿಗಳೇ: ಸೀನಿಯರ್‌ಗಳು, ನೆಂಟರಿಷ್ಟರು, ಎಷ್ಟೋ ಸಲ ಮೇಷ್ಟ್ರುಗಳು. ಆದರೂ ಈ ಬುದ್ಧಿವಾದದ ತಿರುಳೇ ತಪ್ಪು ಎಂದು ನಾನು ವಾದಿಸುತ್ತೇನೆ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಹುಡುಗ ಹುಡುಗಿಯರು ಅರ್ಜಿ ಹಾಕುವ ಮೊದಲೇ ಕೈಚೆಲ್ಲುವಂತೆ ಮಾಡುತ್ತಿರುವುದೂ ಇದೇ ಮಾತು.

ಮೊದಲು ಪ್ರಶ್ನೆಪತ್ರಿಕೆಯನ್ನೇ ನೋಡೋಣ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಇದರಲ್ಲಿ 50 ಅಂಕ ಮಾತ್ರ ನಾಲ್ಕರಲ್ಲಿ ಒಂದು ಉತ್ತರ ಆರಿಸುವ ಪ್ರಶ್ನೆಗಳಿಗೆ. ಎರಡು ಅಂಕದ ಅಂಥ ಪ್ರಶ್ನೆಗೆ ಉತ್ತರ ತಪ್ಪಿದರೆ ಮೂರನೇ ಎರಡು ಅಂಕ ಕಳೆಯುತ್ತಾರೆ. ಕಣ್ಣುಮುಚ್ಚಿ ಗುರುತು ಹಾಕುತ್ತ ಹೋದರೆ, ಸರಿಯಾಗುವ ಕಾಲು ಭಾಗದಿಂದ ಬರುವುದಕ್ಕೂ ತಪ್ಪಾಗುವ ಮುಕ್ಕಾಲು ಭಾಗದಿಂದ ಹೋಗುವುದಕ್ಕೂ ಸರಿಹೋಗಿ ಸರಾಸರಿ ಗಳಿಕೆ ಸೊನ್ನೆಗೇ ನಿಲ್ಲುತ್ತದೆ. ಉಳಿದ 50 ಅಂಕಗಳಲ್ಲಿ 20, ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದಾದ ಪ್ರಶ್ನೆಗಳವು. ಸರಿಯಿರುವ ಅಷ್ಟನ್ನೂ ಗುರುತಿಸಿದರೆ ಅಂಕ, ಒಂದು ಬಿಟ್ಟರೂ ಇಲ್ಲ. ಕೊನೆಯ 30 ಅಂಕಕ್ಕೆ ಆಯ್ಕೆಗಳೇ ಇಲ್ಲ, ಲೆಕ್ಕ ಮಾಡಿ ಬಂದ ಸಂಖ್ಯೆಯನ್ನು ಟೈಪ್ ಮಾಡಬೇಕು. ‘ಆಪ್ಷನ್ ನೋಡಿ ಉತ್ತರ ಹಿಡಿಯುವ ಶಾರ್ಟ್‌ಕಟ್’ ಎಂದು ಮಾರಾಟವಾಗುವ ಸರಕು ಈ ಪತ್ರಿಕೆಯ ಅರ್ಧ ಭಾಗಕ್ಕೆ ಉಪಯೋಗಕ್ಕೇ ಬರುವುದಿಲ್ಲ.

ಇನ್ನು ಪ್ರಾಕ್ಟಿಕಲ್ ದಂಡ ಎಂಬ ಮಾತು. ನಮ್ಮ ಡಿಗ್ರಿ ಲ್ಯಾಬ್‌ಗಳಲ್ಲಿ ಮಾಡಿಸುವ ಒಂದು ಸಾಮಾನ್ಯ ಪ್ರಯೋಗ, ನೀರಿನ ಗಡಸುತನ ಕಂಡುಹಿಡಿಯುವುದು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮಕ್ಕಳಿಗೆ ಮನೆಯ ಬೋರ್‌ವೆಲ್ ನೀರೇ ಸ್ಯಾಂಪಲ್ ಆಗಬಹುದು. 50 ಮಿಲಿಲೀಟರ್ ನೀರನ್ನು ಪಿಪೆಟ್‌ನಲ್ಲಿ ತೆಗೆದು, ಅಮೋನಿಯ ಬಫರ್ ಹಾಕಿ ಪಿಎಚ್ 10ಕ್ಕೆ ತಂದು, ಚಿಟಿಕೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಬೆರೆಸಿ ಬ್ಯೂರೆಟ್‌ನಿಂದ ಇಡಿಟಿಎ ಬಿಡುತ್ತಾರೆ. ವೈನ್ ಕೆಂಪು ಬಣ್ಣ ನೀಲಿಗೆ ತಿರುಗಿದಾಗ ನಿಲ್ಲಿಸುತ್ತಾರೆ. 0.01 ಮೋಲಾರ್ ಇಡಿಟಿಎ 10 ಮಿಲಿಲೀಟರ್ ಖರ್ಚಾದರೆ, ಆ ನೀರಿನ ಗಡಸುತನ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 200 ಮಿಲಿಗ್ರಾಂ. ಜಾಮ್‌ನ ಸಂಖ್ಯಾ ಪ್ರಶ್ನೆಯೊಂದಕ್ಕೆ ಬೇಕಾದ ಲೆಕ್ಕ ಇಷ್ಟರಲ್ಲೇ ಮುಗಿಯಿತು.

ಆದರೆ ಅಸಲಿ ಪಾಠ ಇರುವುದು ‘ಯಾಕೆ’ ಎಂಬಲ್ಲಿ. ಪಿಎಚ್ 10 ಯಾಕೆ? ಅದಕ್ಕಿಂತ ಬಹಳ ಕಡಿಮೆಯಾದರೆ ಇಡಿಟಿಎಗೆ ಪ್ರೋಟಾನ್‌ಗಳು ಅಂಟಿಕೊಂಡು ಲೋಹದ ಮೇಲಿನ ಅದರ ಹಿಡಿತ ಸಡಿಲವಾಗುತ್ತದೆ. 12 ದಾಟಿದರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗಿ ಒತ್ತರಿಸುತ್ತದೆ, ಆಗ ಸಿಗುವುದು ಕ್ಯಾಲ್ಸಿಯಂ ಲೆಕ್ಕ ಮಾತ್ರ. ನೀರಿನಲ್ಲಿ ಮೆಗ್ನೀಸಿಯಂ ಇಲ್ಲದೇ ಹೋದರೆ ಎಂಡ್ ಪಾಯಿಂಟ್ ಯಾಕೆ ಮಸುಕಾಗುತ್ತದೆ? ಈ ಇಂಡಿಕೇಟರ್ ಜೊತೆ ಕ್ಯಾಲ್ಸಿಯಂ ಕಟ್ಟುವ ಬಂಧ ತೀರ ದುರ್ಬಲ. ಅದಕ್ಕೇ ಬಫರ್‌ಗೆ ಕೊಂಚ ಮೆಗ್ನೀಸಿಯಂ–ಇಡಿಟಿಎ ಸೇರಿಸುವ ರೂಢಿ. ಈ ವಾಕ್ಯಗಳನ್ನೇ ನಾಲ್ಕು ಆಯ್ಕೆಗಳಾಗಿ ಬರೆದು ‘ಇವುಗಳಲ್ಲಿ ಯಾವುವು ಸರಿ’ ಎಂದು ಕೇಳಿದರೆ, ಬಣ್ಣ ತಿರುಗುವುದನ್ನು ಕಣ್ಣಾರೆ ಕಂಡು ಕಾರಣ ಕೇಳಿಕೊಂಡವಳು ಉತ್ತರಿಸುತ್ತಾಳೆ, ನೋಟ್ಸ್ ಉರು ಹೊಡೆದವನು ತಡವರಿಸುತ್ತಾನೆ. ಟೈಟ್ರೇಶನ್‌ಗಳು, ಇಂಡಿಕೇಟರ್‌ಗಳು, ಗುಣಾತ್ಮಕ ವಿಶ್ಲೇಷಣೆ ಇವೆಲ್ಲ ಜಾಮ್ ಪಠ್ಯಕ್ರಮದಲ್ಲಿ ಹೆಸರು ಹಿಡಿದು ಸೇರಿಸಿರುವ ಭಾಗಗಳು. ಲ್ಯಾಬಿನಲ್ಲಿ ಕಳೆದ ಮಧ್ಯಾಹ್ನಗಳನ್ನು ದಂಡ ಎನ್ನುವವರು ಆ ಪಠ್ಯಕ್ರಮವನ್ನು ಒಮ್ಮೆ ಓದಿದ್ದರೆ ಸಾಕಿತ್ತು.

ಹಾಗಾದರೆ ನಮ್ಮ ಮಕ್ಕಳು ಎಡವುವುದು ಎಲ್ಲಿ? ಗಣಿತದಲ್ಲಿ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜಾಮ್ ಕೆಮಿಸ್ಟ್ರಿಯ ಪಠ್ಯಕ್ರಮ ಶುರುವಾಗುವುದೇ ಗಣಿತದಿಂದ: ಫಂಕ್ಷನ್‌ಗಳು, ಗರಿಷ್ಠ–ಕನಿಷ್ಠ, ಇಂಟಿಗ್ರೇಶನ್, ಡಿಫರೆನ್ಶಿಯಲ್ ಸಮೀಕರಣಗಳು, ಮ್ಯಾಟ್ರಿಕ್ಸ್, ಸಂಭವನೀಯತೆ. ಸಿಬಿಝಡ್ ತೆಗೆದುಕೊಂಡವರು ಪಿಯುಸಿ ನಂತರ ಗಣಿತದ ಪುಸ್ತಕ ಮುಟ್ಟಿರುವುದಿಲ್ಲ. ವ್ಯಾನ್ ಡರ್ ವಾಲ್ಸ್ ಅನಿಲದ ಕ್ರಾಂತಿಕ ಘನಗಾತ್ರ 3b ಎಂದು ಅವರಿಗೆ ಬಾಯಿಪಾಠ. ಆದರೆ ಒತ್ತಡ–ಗಾತ್ರದ ರೇಖೆಯ ಇಳಿಜಾರೂ ಅದರ ಬಾಗೂ ಒಂದೇ ಬಿಂದುವಿನಲ್ಲಿ ಸೊನ್ನೆಯಾಗಬೇಕು ಎಂಬ ಷರತ್ತಿನಿಂದ ಆ 3b ಹುಟ್ಟುತ್ತದೆ ಎಂಬುದು ಗೊತ್ತಿರುವುದಿಲ್ಲ. ಪ್ರಶ್ನೆಯಲ್ಲಿ ಅನಿಲದ ಸಮೀಕರಣವನ್ನು ಸ್ವಲ್ಪ ಬದಲಿಸಿ ಕೊಟ್ಟರೆ ಬಾಯಿಪಾಠ ಕೈಕೊಡುತ್ತದೆ. ಎರಡು ಸಲ ಡಿಫರೆನ್ಶಿಯೇಟ್ ಮಾಡಬಲ್ಲವರಿಗೆ ಅದು ಐದು ನಿಮಿಷದ ಕೆಲಸ. ಇದಕ್ಕೆ ದುಬಾರಿ ಕೋಚಿಂಗ್ ಬೇಕಿಲ್ಲ. ಅದೇ ಕಾಲೇಜಿನ ಗಣಿತ ವಿಭಾಗದವರು ವಾರಕ್ಕೆ ಒಂದೆರಡು ತರಗತಿ ತೆಗೆದುಕೊಂಡರೆ ಸಾಕು. ಹತ್ತಿರದ ವಿಭಾಗದ ಈ ಸಹಾಯ ಕೇಳದೆ ಬೆಂಗಳೂರಿಗೋ ದೆಹಲಿಗೋ ಮಕ್ಕಳನ್ನು ಕಳಿಸಿ ಎನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಕೋಚಿಂಗ್‌ನಿಂದ ಏನೂ ಸಿಗುವುದಿಲ್ಲ ಎಂದಲ್ಲ. ದಿನಚರಿ ಸಿಗುತ್ತದೆ, ಜೊತೆಗೆ ಓದುವವರು ಸಿಗುತ್ತಾರೆ, ಗಡಿಯಾರ ಇಟ್ಟುಕೊಂಡು ಬರೆಯುವ ಅಭ್ಯಾಸ ಆಗುತ್ತದೆ. ಫೆಬ್ರುವರಿಯಲ್ಲಿ ಪರೀಕ್ಷೆ ಬರುವಾಗ ಆರನೇ ಸೆಮಿಸ್ಟರ್‌ನ ಪಾಠ ಇನ್ನೂ ಬಾಕಿ ಇರುತ್ತದೆ ಎಂಬ ದೂರು ಕೂಡ ನಿಜ. ಆ ಭಾಗವನ್ನು ಮುಂಚೆಯೇ ಸ್ವಂತವಾಗಿ ಓದಿಕೊಳ್ಳದೆ ಗತಿಯಿಲ್ಲ. ಆದರೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಜಾಮ್‌ನ ಅಧಿಕೃತ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಪರೀಕ್ಷೆಯಲ್ಲಿ ನಿಮ್ಮ ಕ್ಯಾಲ್ಕುಲೇಟರ್ ನಡೆಯುವುದಿಲ್ಲ, ತೆರೆಯ ಮೇಲಿನದನ್ನು ಮೌಸ್‌ನಿಂದ ಒತ್ತಬೇಕು. ಅದರ ಅಭ್ಯಾಸಕ್ಕೆ ಕಾಲೇಜಿನ ಒಂದು ಕಂಪ್ಯೂಟರ್ ಸಾಕು. ಈ ಅಂಕಗಳ ಮೇಲೆ ಐಐಟಿಗಳಲ್ಲದೆ ನಮ್ಮದೇ ಸುರತ್ಕಲ್ ಎನ್‌ಐಟಿಯ ಎಂ.ಎಸ್ಸಿ., ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ. ಬಾಗಿಲುಗಳೂ ತೆರೆಯುತ್ತವೆ. ಮೂರನೇ ವರ್ಷದಲ್ಲಿ ಓದುತ್ತಿರುವವರೇ ಪರೀಕ್ಷೆಗೆ ಕೂರಬಹುದು. ಹೀಗಿರುವಾಗ ಒಮ್ಮೆಯೂ ಬರೆದು ನೋಡದೆ ಒಂದು ವರ್ಷ ಮನೆಯಲ್ಲಿ ಕೂರುವ ಸಲಹೆ ಕೊಡುವುದು ಬಡ ಮನೆಯ ಮಕ್ಕಳ ವಿಚಾರದಲ್ಲಿ ಬೇಜವಾಬ್ದಾರಿತನ. ಎಷ್ಟೋ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಿಗೆ, ಆ ಒಂದು ವರ್ಷ ಓದಿಗೆ ಉಳಿಯುವುದೇ ಇಲ್ಲ.

ಡಿಗ್ರಿ ಕಾಲೇಜಿನ ನನ್ನ ಸಹೋದ್ಯೋಗಿಗಳಲ್ಲಿ ಒಂದು ಕೋರಿಕೆ. ಮುಂದಿನ ಇಂಟರ್ನಲ್ ಪರೀಕ್ಷೆಯಲ್ಲಿ ‘ವಿವರಿಸಿ’, ‘ಟಿಪ್ಪಣಿ ಬರೆಯಿರಿ’ಗಳ ನಡುವೆ ಆಯ್ಕೆಗಳಿಲ್ಲದ ಒಂದು ಲೆಕ್ಕ ಸೇರಿಸಿ. ವೈವಾದಲ್ಲಿ ಎಂಡ್ ಪಾಯಿಂಟ್‌ನ ಬಣ್ಣ ಕೇಳಿ ಬಿಡಬೇಡಿ, ಬಫರ್ ಯಾಕೆ ಹಾಕಿದಿರಿ ಎಂದೂ ಕೇಳಿ. ವಿದ್ಯಾರ್ಥಿಗಳೇ, ಪಕ್ಕದವರ ರೆಕಾರ್ಡ್ ನೋಡಿ ರೀಡಿಂಗ್ ಹೊಂದಿಸುವುದನ್ನು ಇವತ್ತಿಗೇ ಬಿಡಿ. ನಿಮ್ಮ ಬ್ಯೂರೆಟ್ ತೋರಿಸಿದ್ದನ್ನೇ ಬರೆಯಿರಿ, ಅದು ಸರಿಬಾರದಿದ್ದರೆ ಯಾಕೆಂದು ಮೇಷ್ಟ್ರನ್ನು ಕೇಳಿ, ಮೂರನೇ ವರ್ಷದಲ್ಲೇ ಅರ್ಜಿ ಹಾಕಿ.