ರದ್ದಿಗೆ ಹಾಕುವ ಮುನ್ನ ರಫ್ ಪುಸ್ತಕ ತೆರೆದು ನೋಡಿ

ಓದುಗರೇ, ಮೊದಲು ಒಂದು ತಪ್ಪೊಪ್ಪಿಗೆ. ಪಾಠ ಮಾಡಲು ಶುರು ಮಾಡಿ ಹತ್ತು ವರ್ಷವಾಯಿತು. ಮಕ್ಕಳಿಗೆ ನಾನು ದಿನಾ ಹೇಳುತ್ತಿದ್ದ ಮಾತು ಒಂದೇ: "ರಫ್ ಬೇಡ, ಫೇರ್ ತೋರಿಸಿ." ಗೀಚಿದ ಪುಟಗಳನ್ನು ಅವರ ಕೈಯಿಂದಲೇ ಹರಿಸಿದ್ದೂ ಉಂಟು. ಆ ಪುಟಗಳ ಬೆಲೆ ಗೊತ್ತಾದದ್ದು ಕಳೆದ ರಜೆಯಲ್ಲಿ.

ನಾಸಿಕ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಗೋದಾವರಿ ಘಾಟಿನ ಮೆಟ್ಟಿಲ ಮೇಲೆ ಒಬ್ಬ ಹುಡುಗ ಚಿತ್ರ ಬರೆಯುತ್ತಾ ಕೂತಿದ್ದ. ಹಿಂದೆ ನಿಂತು ಇಣುಕಿದೆ. ಒಂದೇ ಪುಟದಲ್ಲಿ ಗುಡಿಯ ಶಿಖರ ಮೂರು ಸಲ. ಮೊದಲೆರಡು ವಾಲಿದ್ದವು, ಮೂರನೆಯದು ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ಬಸ್ ಚಾರ್ಜಿನ ಲೆಕ್ಕ. ಮೂರನೆಯದನ್ನು ಮಾತ್ರ ನೋಡಿದ್ದರೆ "ಚೆನ್ನಾಗಿದೆ" ಅಂದು ಮುಂದೆ ಹೋಗ್ತಿದ್ದೆ. ಮೂರನ್ನೂ ಒಟ್ಟಿಗೆ ನೋಡಿದಾಗ ಅವನು ಕಲಿತದ್ದು ಹೇಗೆ ಅಂತ ಕಂಡಿತು. ಕಲಾವಿದರ ನೋಟ್‌ಬುಕ್ ನಮ್ಮನ್ನು ಸೆಳೆಯುವುದು ಇದಕ್ಕೇ ಅನ್ನಿಸುತ್ತೆ: ಅದರಲ್ಲಿ ತಪ್ಪು ಅಳಿಸಿಹೋಗಿರುವುದಿಲ್ಲ.

ಅಲ್ಲಿಂದ ಛತ್ರಪತಿ ಸಂಭಾಜಿನಗರಕ್ಕೆ, ಅಂದರೆ ನಮ್ಮ ಹಿರಿಯರ ಔರಂಗಾಬಾದಿಗೆ ಹೋದೆವು. ಅಜಂತಾ ಅಲ್ಲಿಂದ ಸುಮಾರು 100 ಕಿಲೋಮೀಟರ್. ಆ ಗೋಡೆಚಿತ್ರಗಳನ್ನು ನಕಲು ಮಾಡಿದವರ ಕಥೆ ಓದಿ ನೋಡಿ. 1844ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮೇಜರ್ ರಾಬರ್ಟ್ ಗಿಲ್‌ನನ್ನು ಈ ಕೆಲಸಕ್ಕೆ ನೇಮಿಸಿತು. ಅವನ ದೊಡ್ಡ ಚಿತ್ರಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಬೆಂಕಿಗೆ ಹೋದವು. ಆಮೇಲೆ ಜಾನ್ ಗ್ರಿಫಿತ್ಸ್ ಮುಂಬಯಿ ಕಲಾಶಾಲೆಯ ವಿದ್ಯಾರ್ಥಿಗಳ ಜೊತೆ ವರ್ಷಾನುಗಟ್ಟಲೆ ದುಡಿದ. 1885ರಲ್ಲಿ ಮತ್ತೆ ಲಂಡನ್, ಮತ್ತೆ ಬೆಂಕಿ. ಬಣ್ಣ ಎದ್ದು ಕಾಣಲಿ ಅಂತ ಗೋಡೆಗೆ ವಾರ್ನಿಷ್ ಬೇರೆ ಹಚ್ಚಿದ್ದರು. ಅದು ಹಳದಿಗಟ್ಟಿ ಮೂಲಕ್ಕೇ ಹಾನಿಯಾಯಿತು. ಫೇರ್ ಕಾಪಿಯ ಅವಸರ ಅಂದರೆ ಇದೇ ಅಲ್ಲವೇ?

1909ರಿಂದ 1911ರ ನಡುವೆ ಕ್ರಿಶ್ಚಿಯಾನಾ ಹೆರಿಂಗ್‌ಹ್ಯಾಮ್ ಎಂಬ ಇಂಗ್ಲಿಷ್ ಮಹಿಳೆ ಬಂದರು. ಅವರ ಜೊತೆ ಕೂತವರನ್ನು ನೋಡಿ: ಕಲ್ಕತ್ತಾದಿಂದ ನಂದಲಾಲ್ ಬೋಸ್, ಅಸಿತ್ ಹಲ್ದಾರ್, ಹೈದರಾಬಾದಿನಿಂದ ಸೈಯದ್ ಅಹ್ಮದ್, ಫಜಲುದ್ದೀನ್, ನಮ್ಮ ಮೈಸೂರಿನ ಕೆ. ವೆಂಕಟಪ್ಪ. ನಿಜಾಮರ ರಾಜ್ಯದಲ್ಲಿ ಬೌದ್ಧರ ಗೋಡೆ, ಅದರ ಮುಂದೆ ಹಿಂದೂ-ಮುಸ್ಲಿಂ ಹುಡುಗರ ಪೆನ್ಸಿಲ್. "ನಕಲು ತಾನೇ" ಅಂತ ಕೆಲವರು ಮೂಗು ಮುರಿಯಬಹುದು. ನನ್ನ ಅಭಿಪ್ರಾಯ ಬೇರೆ. ಆ ಯುವಕರಿಗೆ ಅಜಂತಾ ಒಂದು ಅಭ್ಯಾಸ ಪುಸ್ತಕವಾಯಿತು. ಸೈಯದ್ ಅಹ್ಮದ್ ಮುಂದೆ ಆ ಗುಹೆಗಳ ಉಸ್ತುವಾರಿಯನ್ನೇ ಹೊತ್ತರು. ನಂದಲಾಲ್ ಪೋಸ್ಟ್‌ಕಾರ್ಡಿನ ಮೇಲೂ ಚಿತ್ರ ಬರೆದು ಶಿಷ್ಯರಿಗೆ, ಸ್ನೇಹಿತರಿಗೆ ಕಳಿಸುತ್ತಿದ್ದರು. ವೆಂಕಟಪ್ಪ ದಿನಚರಿ ಬರೆದಿಟ್ಟರು. ಕಾಗದ ಸುಟ್ಟುಹೋದೀತು, ಕೈ ಕಲಿತದ್ದು ಸುಡುವುದಿಲ್ಲ.

ಇದು ನಮಗೆ ಹೊಸದೇನೂ ಅಲ್ಲ. ಖತಾತಿಯಲ್ಲಿ "ಸಿಯಾಹ್ ಮಶ್ಕ್" ಅಂತ ಇದೆ. ಉಸ್ತಾದರು ಒಂದೇ ಅಕ್ಷರವನ್ನು ಮತ್ತೆ ಮತ್ತೆ ಬರೆದು ಹಾಳೆಯನ್ನೇ ಕಪ್ಪಾಗಿಸುತ್ತಿದ್ದರು. ಅಂಥ ಅಭ್ಯಾಸದ ಹಾಳೆಗಳನ್ನೇ ಮುಂದೆ ಕಲೆ ಅಂತ ಜೋಪಾನ ಮಾಡಿದರು. ಉರ್ದು ಶಾಯರರ "ಬಯಾಜ್" ಕೂಡ ಅವರವರ ಸ್ವಂತ ನೋಟ್‌ಬುಕ್ಕೇ. ಇಂಥ ಪರಂಪರೆಯವರು ನಾವು, ಮಕ್ಕಳ ರಫ್ ಪುಟ ಹರಿಸ್ತೇವೆ!

ಒಂದು ಎಚ್ಚರಿಕೆಯ ಮಾತೂ ಹೇಳಬೇಕು. ಈಗ ಮೊಬೈಲಿನಲ್ಲಿ ಚಂದಚಂದದ ಸ್ಕೆಚ್‌ಬುಕ್‌ಗಳು ಕಾಣುತ್ತವೆ. ಪ್ರತಿ ಪುಟವೂ ಅಚ್ಚುಕಟ್ಟು, ಒಂದು ಗೆರೆಯೂ ತಪ್ಪಿಲ್ಲ. ಅವು ತೋರಿಸಲಿಕ್ಕೇ ಬರೆದವು. ಹೆಸರು ನೋಟ್‌ಬುಕ್, ಒಳಗಿರುವುದು ಫೇರ್ ಕಾಪಿ. ಅದನ್ನು ನೋಡಿ ಮಕ್ಕಳು "ನನಗೆ ಬರೋಲ್ಲ" ಅಂತ ಪೆನ್ಸಿಲ್ ಕೆಳಗಿಟ್ಟರೆ ಆ ನಷ್ಟ ನಮ್ಮದು.

ಈ ವರ್ಷದಿಂದ ನನ್ನ ತರಗತಿಯಲ್ಲಿ ರಫ್ ಪುಸ್ತಕವನ್ನೂ ನೋಡುತ್ತೇನೆ. ಅದಕ್ಕೆ ಕೆಂಪು ಪೆನ್ನು ಮುಟ್ಟಿಸುವುದಿಲ್ಲ. ನೀವೂ ಪರೀಕ್ಷೆ ಮುಗಿದ ಮೇಲೆ ಪುಸ್ತಕಗಳನ್ನು ರದ್ದಿಗೆ ಹಾಕುವ ಮುನ್ನ ಮಗುವಿನ ನೋಟ್‌ಬುಕ್ಕಿನ ಕೊನೆಯ ಪುಟ ಒಮ್ಮೆ ತೆರೆದು ನೋಡಿ. ವಾಲಿದ ಶಿಖರವೋ, ಮಿನಾರೋ ಅಲ್ಲಿದ್ದರೆ ಆ ಪುಟ ಎತ್ತಿಡಿ.